ತಲೆಯೊಳಗಿನ ಹರಿವು ಕೇಳಿದ ಕಿವಿಯಮ್ಮ

ಬಲು ಹಿಂದೆ, ಈ ಗುಡ್ಡಕ್ಕೆ ಬಸ್ಸು ಹತ್ತದ ಕಾಲದಲ್ಲಿ, ಕಾಡಿನ ನಡುವೆ ಒಂದು ಊರಿತ್ತು. ಊರು ಅಂದರೆ ಹತ್ತಾರು ಗುಡಿಸಲು, ನಾವು ಅದಕ್ಕೆ ಪೋಡು ಅನ್ನುತ್ತೇವೆ. ಅಲ್ಲಿನ ಮಕ್ಕಳಿಗೆ ಒಂದು ಕೆಟ್ಟ ಕಾಯಿಲೆ. ಆಡುತ್ತಾ ಆಡುತ್ತಾ ಮಗು ಬೀಳುತ್ತಿತ್ತು, ಎದ್ದರೆ ಒಂದು ಕೈ ಬರುತ್ತಿರಲಿಲ್ಲ, ಮಾತು ನಿಂತಿರುತ್ತಿತ್ತು. ಗಾಳಿ ಬಡಿಯಿತು ಅನ್ನುತ್ತಿದ್ದರು. ಗಾಳಿಯೂ ಇಲ್ಲ, ಮಣ್ಣೂ ಇಲ್ಲ. ಹುಟ್ಟಿನಿಂದಲೇ ರಕ್ತ ಕೆಟ್ಟು, ಮಿದುಳಿಗೆ ಹೋಗುವ ನಾಳ ಒಳಗೊಳಗೇ ಕಿರಿದಾಗುತ್ತಿತ್ತು.

ಆಗ ಕೆಳಗಿನ ಆಸ್ಪತ್ರೆಯಿಂದ ಒಬ್ಬ ಹೆಂಗಸು ಪೆಟ್ಟಿಗೆ ಹೊತ್ತು ಬಂದಳಂತೆ. ಹೆತ್ತವರು ಏನು ಹೆಸರಿಟ್ಟಿದ್ದರೋ, ಯಾರೂ ಕೇಳಲಿಲ್ಲ. ಕಿವಿಯಮ್ಮ ಅಂದರು, ಅದೇ ನಿಂತಿತು. ಇರುವೆ ನಡೆದರೂ ಅವಳಿಗೆ ಕೇಳುತ್ತಿತ್ತಂತೆ. ಆನೆ ದಾರಿ ಬಿಡುತ್ತಿತ್ತಂತೆ. ಅದನ್ನು ಮಾತ್ರ ನಾನು ನಂಬುವುದಿಲ್ಲ, ಆನೆ ಯಾರಿಗೂ ದಾರಿ ಬಿಡುವುದಿಲ್ಲ.

ಮಗುವಿನ ಕಣತಲೆಗೆ, ಮೂಳೆ ತೆಳುವಾಗಿರುವ ಜಾಗಕ್ಕೆ, ತಣ್ಣನೆಯ ಜೆಲ್ಲು ಸವರಿ, ಪೆಟ್ಟಿಗೆಯ ತಂತಿಗೆ ಸೇರಿದ ಒಂದು ಕಡ್ಡಿ ಒತ್ತುತ್ತಿದ್ದಳು. ನಮ್ಮ ಕಿವಿಗೆ ನಿಲುಕದ ಸದ್ದು ಒಳಗೆ ಹೋಗಿ, ಹರಿಯುವ ರಕ್ತಕ್ಕೆ ತಾಗಿ ಮರಳುತ್ತಿತ್ತು. ಅದನ್ನು ಪೆಟ್ಟಿಗೆ ಎಲ್ಲರಿಗೂ ಕೇಳಿಸುತ್ತಿತ್ತು. ಉಶ್, ಉಶ್, ಉಶ್.

ದೊಡ್ಡ ದನಿಗೆ ಮರ್ಯಾದೆ ಕೊಡುವ ಪೋಡು ಅದು. ಜೋರಾಗಿ ಹಾಡಿದವರಿಗೇ ಮೊದಲ ಜೇನು. ಕುಂಬಮ್ಮನ ಮೊಮ್ಮಗಳು ಬೊಮ್ಮಿ, ತಾಯಿ ಇಲ್ಲದ ಕೂಸು, ಅವಳ ಕಣತಲೆಗೆ ಕಡ್ಡಿ ಇಟ್ಟಾಗ ಪೆಟ್ಟಿಗೆ ಬುಸುಗುಟ್ಟಿತು. ಅಷ್ಟು ಬಿರುಸಾದ ಸದ್ದು ಬೇರೆ ಯಾವ ಮಗುವಿನದೂ ಇರಲಿಲ್ಲ. ಎಂಥಾ ಗಟ್ಟಿ ರಕ್ತ ಅಂತ ಜನ ಕೇಕೆ ಹಾಕಿದರು. ಕುಂಬಮ್ಮ ಮೊಮ್ಮಗಳ ಬಾಯಿಗೆ ಜೇನು ಇಟ್ಟಳು. ಕಿವಿಯಮ್ಮ ಒಬ್ಬಳೇ ನಗಲಿಲ್ಲ.

ಅವಳು ಎಲ್ಲರನ್ನೂ ಹಳ್ಳದ ಬಳಿ ಕರೆದೊಯ್ದಳಂತೆ. ಅಗಲವಾದ ಕಡೆ ನೀರು ಸುಮ್ಮನೆ ಹೋಗುತ್ತಿತ್ತು, ಎರಡು ಬಂಡೆಯ ಸಂದಿಯಲ್ಲಿ ಭೋರ್ಗರೆಯುತ್ತಿತ್ತು. ಮಗುವಿನ ತಲೆಯಲ್ಲೂ ದಾರಿ ಹೀಗೇ ಇಕ್ಕಟ್ಟಾಗಿದೆ ಅಂದಳು. ತಿಂಗಳು ತಿಂಗಳು ಆಸ್ಪತ್ರೆಯಲ್ಲಿ ಬೇರೆ ರಕ್ತ ಕೊಡಿಸಬೇಕು, ಇಲ್ಲದಿದ್ದರೆ ಇವಳೂ ಒಂದು ದಿನ ಬೀಳುತ್ತಾಳೆ ಅಂದಳು. ಕುಂಬಮ್ಮನಿಗೆ ಸಿಟ್ಟು ನೆತ್ತಿಗೇರಿತು. ಕೇಕೆ ಹಾಕಿದ ಬಾಯಿಗಳೇ ಶಾಪ ಹಾಕಿದವು. ಇವಳ ಪೆಟ್ಟಿಗೆಯೇ ಕಾಯಿಲೆ ತಂದದ್ದು ಅಂದರು.

ಅವತ್ತಿನಿಂದ ಕಿವಿಯಮ್ಮ ಸದ್ದನ್ನು ಹೊರಗೆ ಬಿಡಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೇಳತೊಡಗಿದಳು. ಜನ ಅವಳ ಮುಖ ನೋಡಿ ಹೆದರುತ್ತಾರೆಂದು ಮುಖವನ್ನೂ ಕಲ್ಲು ಮಾಡಿಕೊಂಡಳು. ಅಂಥವಳ ಹತ್ತಿರ ಯಾರು ಕೂರುತ್ತಾರೆ? ಗಂಜಿಗೆ ಕರೆಯುವವರಿಲ್ಲ, ಚೆನ್ನಾಗಿದ್ದೀಯಾ ಅನ್ನುವವರಿಲ್ಲ.

ಆದರೂ ತಿಂಗಳು ತಿಂಗಳು ಬಂದಳು. ಬೊಮ್ಮಿಯನ್ನು ಕಳಿಸಿ ಅನ್ನುತ್ತಿದ್ದಳು. ಕುಂಬಮ್ಮ ಬಿದಿರಿನ ತಟ್ಟಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಕಿವಿಯಮ್ಮ ಸಂಜೆವರೆಗೂ ಅಂಗಳದಲ್ಲಿ ಕೂತು, ಎದ್ದು, ಕಾಡಿನ ದಾರಿ ಹಿಡಿಯುತ್ತಿದ್ದಳು. ಮಳೆಗಾಲದಲ್ಲೂ ಬಂದಳಂತೆ. ಆಗ ಕುಂಬಮ್ಮನೇ ತಡೆಯಲಾರದೆ ಹೊರಗೆ ಬಂದಳು.

"ನಿಂಗೇನು ಬಂದದೆ ಕೇಡು? ಯಾಕಿಂಗೆ ಬತ್ತೀಯೆ?"

"ನಂಗೆ ಕೇಳುಸ್ಬುಡ್ತು ಕಣವ್ವ. ಕೇಳುಸ್ದ ಮ್ಯಾಲೆ ಮನೇಲಿ ಕೂರಕ್ಕಾಯ್ತದಾ?"

ಕುಂಬಮ್ಮ ಒಳಗೆ ಹೋದಳಂತೆ. ಮೊಮ್ಮಗಳಿಗೆ ಕಂಬಳಿ ಹೊದಿಸಿ, ತಾನೂ ಜೊತೆಗೆ ಆಸ್ಪತ್ರೆಗೆ ಇಳಿದಳು.

ತಿಂಗಳು ತಿಂಗಳು ರಕ್ತ ಕೊಡಿಸಿದರು, ಬೊಮ್ಮಿ ಬೀಳಲಿಲ್ಲ. ಬೆಳೆದಳು, ಮದುವೆಯಾದಳು, ನಾಲ್ಕು ಜನರ ಮುಂದೆ ಜೋರಾಗಿ ಹಾಡಿದಳು. ಕಿವಿಯಮ್ಮ ಮಾತ್ರ ಕೆಳಗಿನ ಊರಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ತೀರಿಕೊಂಡಳಂತೆ. ನಮ್ಮವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಒಂದು ಹಿಡಿ ಮಣ್ಣು ಹಾಕುವುದಕ್ಕೂ ನಾವು ಇರಲಿಲ್ಲ.

ಈಗ ಬೇರೆ ಹುಡುಗಿ ಪೆಟ್ಟಿಗೆ ತರುತ್ತಾಳೆ. ಅವಳು ಮಗುವಿನ ಕಣತಲೆಗೆ ಕಡ್ಡಿ ಇಡುವಾಗ ಪೋಡಿನ ಹಿರಿಯಳೊಬ್ಬಳು ಹೋಗಿ ಅವಳ ಪಕ್ಕ ಮೈಗೆ ಮೈ ತಾಗಿಸಿ ಕೂರುತ್ತಾಳೆ. ಮಗುವಿನ ಪಕ್ಕ ಅಲ್ಲ, ಆ ಹುಡುಗಿಯ ಪಕ್ಕ. ಜಾಗ ಬಿಡಿ ಅಜ್ಜಿ ಅಂದರೂ ಏಳುವುದಿಲ್ಲ. ಒಳಗಿನ ಕೆಟ್ಟ ಸುದ್ದಿ ಮೊದಲು ತಾಗುವುದು ಆ ಹುಡುಗಿಗೇ ಅಲ್ಲವೇ? ಆಗ ಅವಳು ಒಬ್ಬಳೇ ಇರಬಾರದು.