ನೀಲವ್ವನ ಮೌನ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ನಿರುಪಾದಿ ಎಂಬ ಶಿಷ್ಯನಿದ್ದ. ಓದಿನಲ್ಲಿ ಚುರುಕು, ಸಿಟ್ಟಿನಲ್ಲಿ ಇನ್ನೂ ಚುರುಕು.

ಮಠದಲ್ಲಿ ಅಡುಗೆ ಮಾಡುವ ಕಲ್ಲವ್ವನಿಗೆ ನಾಲ್ಕು ವರ್ಷದ ಮಗಳು, ನೀಲವ್ವ. ನಿರುಪಾದಿ ಬಾಯಿಪಾಠ ಮಾಡಲು ನದಿಯ ಮೆಟ್ಟಿಲ ಮೇಲೆ ಕೂತರೆ ಸಾಕು, ಆಕೆ ಪಕ್ಕದಲ್ಲಿ ಹಾಜರು, ಕಣ್ಣು ಮೆಟ್ಟಿಲ ಸಂದಿಯ ಇರುವೆ ಸಾಲಿನ ಮೇಲೆ.

"ಅಣ್ಣಾ, ಇರಿವಿ ಎಲ್ಲಿಗೆ ಹೊಂಟಾವ?"

"ಮನೀಗೆ."

"ಯಾಕ?"

"ಉಣ್ಣಾಕ."

"ಉಂಡು?"

"ಮಲಗ್ತಾವ."

ಆಕೆ ಸ್ವಲ್ಪ ಹೊತ್ತು ಯೋಚಿಸುವಳು. ಆಮೇಲೆ, "ಅಣ್ಣಾ, ಇರಿವಿ ಎಲ್ಲಿಗೆ ಹೊಂಟಾವ?"

ಬೆಳಗ್ಗೆಯೂ ಇದೇ, ಸಂಜೆಯೂ ಇದೇ. ಎಷ್ಟು ಸಲ ಕೇಳಿದಳೆಂದು ಲೆಕ್ಕ ಇಟ್ಟು ಇಟ್ಟು ನಿರುಪಾದಿಗೆ ತಲೆ ಚಿಟ್ಟುಹಿಡಿದು ಹೋಯಿತು. ಬೈದರೆ ಆಕೆ ಅಳುತ್ತಾಳೆ. ಅತ್ತರೆ ಕಲ್ಲವ್ವ ಬರುತ್ತಾಳೆ. ಕಲ್ಲವ್ವ ಮುನಿದರೆ ಅವನ ಪಾಲಿನ ರೊಟ್ಟಿ ಕರಕಾಗುತ್ತದೆ.

ಕೊನೆಗೊಂದು ಉಪಾಯ ಹೊಳೆಯಿತು. ಗುರುಗಳ ಮುಂದೆ ಹೋಗಿ ಕೈಮುಗಿದು ನಿಂತ. ಮಠದಲ್ಲಿ ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

"ಅಜ್ಜಾರ, ಶಿವರಾತ್ರಿ ತನಕ ಮೌನ ಹಿಡೀತೀನ್ರಿ."

"ಯಾಕಪಾ?"

"ಮನಸ್ಸು ಒಂದ ಕಡೆ ನಿಲ್ಲಲಿ ಅಂತ್ರಿ."

ಅಜ್ಜಾರು ಅವನನ್ನು ಒಂದು ಗಳಿಗೆ ನೋಡಿದರು. "ಹಿಡಿ. ನಡುವ ಮುರೀದಿದ್ರ ನಿನಗ ಮುಂದಿನ ಪಾಠ ಸುರು ಮಾಡೂಣು. ಮುರದ್ರ ಬರೂ ವರ್ಷ ನೋಡೂಣು."

ಆ ಪಾಠಕ್ಕಾಗಿ ನಿರುಪಾದಿ ವರ್ಷಗಟ್ಟಲೆ ಕಾದಿದ್ದ. ಒಂದೇ ಏಟಿಗೆ ಎರಡೂ ಕೆಲಸ ಆಗುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿದ.

ಆ ಮಠದಲ್ಲಿ ಮೌನ ಹಿಡಿದವರು ಬಲಗೈ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿಕೊಳ್ಳುತ್ತಿದ್ದರು. ನೂಲು ಇರುವಷ್ಟು ದಿನ ಮಾತಿಲ್ಲ. ಅವನೂ ಕಟ್ಟಿಕೊಂಡ.

ಮರುದಿನ ನೀಲವ್ವ ಬಂದು ಕೇಳಿದಳು. ಅವನು ನೂಲು ತೋರಿಸಿ ತುಟಿಯ ಮೇಲೆ ಬೆರಳಿಟ್ಟ. ಆಕೆ ಮತ್ತೆ ಕೇಳಿದಳು. ಅವನು ಕಣ್ಣು ಮುಚ್ಚಿದ.

ಕೆಲವು ದಿನ ಹೀಗೇ ನಡೆಯಿತು. ಆಮೇಲೆ ಆಕೆ ಬರುವುದನ್ನೇ ಬಿಟ್ಟಳು. ನಿರುಪಾದಿಗೆ ಸ್ವರ್ಗಕ್ಕೆ ಮೂರೇ ಗೇಣು. ಬಾಯಿಪಾಠ ಸಲೀಸಾಗಿ ಸಾಗಿತು.

ಶಿವರಾತ್ರಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಕಲ್ಲವ್ವ ಮಗಳನ್ನು ಎತ್ತಿಕೊಂಡು ಅಜ್ಜಾರ ಮುಂದೆ ಬಂದಳು. ನಿರುಪಾದಿಯೂ ಅಲ್ಲೇ ಇದ್ದ.

"ಅಜ್ಜಾರ, ಹುಡುಗಿ ಮಾತ ಬಿಟ್ಟೈತ್ರಿ. ಇವತ್ತ ಕಾದ ಹಂಚು ಮುಟ್ಯಾಳ. ಅವ್ವಾ ಅಂತ ಸೈತ ಅನ್ನಲಿಲ್ರಿ, ತುಟಿ ಕಚ್ಚಿಕೊಂಡು ನಿಂತಿದ್ಲು. ನಾ ತಿರುಗಿ ನೋಡಿದ ಮ್ಯಾಲ ಗೊತ್ತಾತು."

ಪುಟ್ಟ ಬೆರಳುಗಳ ಮೇಲೆ ಗುಳ್ಳೆ ಎದ್ದಿದ್ದವು. ಅದೇ ಕೈಯ ಮಣಿಕಟ್ಟಿಗೆ ಬಿಳಿ ನೂಲು ಸುತ್ತಿತ್ತು, ಅವ್ವನ ಹಳೆ ಸೀರೆಯಿಂದ ಕಿತ್ತದ್ದು.

ನಿರುಪಾದಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನೋಡಪಾ, ಈಕಿ ವ್ರತ ನಿಂದಕ್ಕಿಂತ ಗಟ್ಟಿ ಐತಿ" ಎಂದರು ಅಜ್ಜಾರು. ಆಮೇಲೆ ಕಲ್ಲವ್ವನಿಗೆ, "ಕೈಗೆ ಲೋಳಸರ ಹಚ್ಚವಾ. ಹಚ್ಚಿ, ಹುಡುಗಿನ್ನ ಇವನ ಹತ್ರ ಬಿಡು."

ಮೆಟ್ಟಿಲ ಮೇಲೆ ಇಬ್ಬರೂ ಕೂತರು. ನಿರುಪಾದಿ ಆಕೆಯ ನೂಲು ಬಿಚ್ಚಲು ಹೋದ. ಆಕೆ ಕೈ ಹಿಂದೆಳೆದುಕೊಂಡು ಅವನ ಮಣಿಕಟ್ಟಿನ ಕಡೆ ಬೆರಳು ತೋರಿಸಿದಳು.

ಅವನು ತನ್ನ ನೂಲನ್ನು ನೋಡಿಕೊಂಡ. ಕಾದ ವರ್ಷಗಳೆಲ್ಲ ನೆನಪಾದವು. ಆಮೇಲೆ ಅದನ್ನು ಹಲ್ಲಿನಿಂದ ಕಡಿದು ನದಿಗೆ ಎಸೆದ.

"ನೀಲೂ, ಕೈ ಉರೀತೈತೇನವಾ?"

ಬಹಳ ದಿನ ಮಾತಾಡದ ಗಂಟಲು, ದನಿ ಒಡೆದಿತ್ತು. ಆಕೆ ಅವನ ಬರಿಗೈಯನ್ನು ಮುಟ್ಟಿ ನೋಡಿದಳು. ತನ್ನ ಕೈ ಚಾಚಿದಳು. ಅವನು ನೂಲು ಬಿಚ್ಚಿದ. ಆಗ ಅತ್ತಳು, ತಡೆದಿಟ್ಟುಕೊಂಡಿದ್ದ ಅಳುವನ್ನೆಲ್ಲ ಅತ್ತಳು. ಅವನು ಆ ಬೆರಳುಗಳಿಗೆ ಊದುತ್ತ ಕೂತ.

ಅತ್ತು ಮುಗಿಸಿ ಮೂಗು ಒರೆಸಿಕೊಂಡಳು. ಮೆಟ್ಟಿಲ ಸಂದಿಯ ಕಡೆ ಬಗ್ಗಿ ನೋಡಿದಳು.

"ಅಣ್ಣಾ, ಇರಿವಿ ಎಲ್ಲಿಗೆ ಹೊಂಟಾವ?"

"ಮನೀಗವಾ."

"ಯಾಕ?"

ದೀಪ ಹಚ್ಚುವ ಹೊತ್ತಿಗೆ ನಿರುಪಾದಿ ಅಜ್ಜಾರ ಮುಂದೆ ಬಂದು ನಿಂತ.

"ಅಜ್ಜಾರ, ಮೌನ ಮುರೀತ್ರಿ."

"ನಿಮ್ಮ ಮಾತು ಇಲ್ಲಿ ತನಕ ಕೇಳಸ್ತಿತ್ತು."

"ಮನಸ್ಸು ನಿಲ್ಲಲಿ ಅಂತ ಹಿಡದಿದ್ದಿಲ್ರಿ. ಆ ಹುಡುಗಿ ಕಾಟ ತಪ್ಪಲಿ ಅಂತ ಹಿಡದಿದ್ದೆ."

"ಅದೂ ಗೊತ್ತಿತ್ತು."

"ಪಾಠಕ್ಕ ಬರೂ ವರ್ಷದ ತನಕ ಕಾಯ್ತೀನ್ರಿ."

ಅಜ್ಜಾರು ದೀಪದ ಬತ್ತಿಯನ್ನು ಸ್ವಲ್ಪ ಮುಂದೆ ಸರಿಸಿದರು.

"ಇವತ್ತ ಎಷ್ಟ ಸಲ ಕೇಳಿದ್ಲು?"

ನಿರುಪಾದಿ ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.

"ಲೆಕ್ಕ ಇಡಲಿಲ್ರಿ."

"ಹಂಗಾದ್ರ ನಾಳೆ ಪಾಠಕ್ಕ ಬಾ."