ಹೋಗುವಾಗ ಹತ್ತಿರ, ಬರುವಾಗ ದೂರ

ತ್ಯಾಂಪ ಪೆದ್ದ ಅಂತ ಊರಿಗೆಲ್ಲ ಗೊತ್ತು. ಅವನಿಗೊಬ್ಬನಿಗೆ ಗೊತ್ತಿಲ್ಲ, ಅಷ್ಟೇ ಸುಖ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವನ ಅಮ್ಮ ಅಪ್ಪಿಯಕ್ಕ ದಿನಾ ಹಣೆ ಹಣೆ ಚಚ್ಚಿಕೊಳ್ಳುವವಳು.

ಅಪ್ಪಿಯಕ್ಕನ ಮಗಳು ವಾರಿಜ ಮಸ್ಕತ್ತಿನಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು, ವಿಮಾನ ಹತ್ತಬೇಡ ಅಂದುಬಿಟ್ಟರು ಡಾಕ್ಟರು. ಅಮ್ಮ, ನೀನೇ ಬಾ ಅಂತ ಫೋನಿನಲ್ಲಿ ಅತ್ತಳು. ಬಸ್ಸಿನಲ್ಲಿ ಮಂಗಳೂರು ದಾಟದ ಅಪ್ಪಿಯಕ್ಕನಿಗೆ ದಿಗಿಲು. ಪೇಟೆಯ ಟಿಕೇಟಿನವರ ಹತ್ತಿರ ದೂರ ಎಷ್ಟು ಕೇಳಿ ಬಾ ಅಂತ ಮಗನನ್ನು ಕಳಿಸಿದಳು.

ಹೋದ, ಕೇಳಿದ, ಬಂದ. ಎರಡು ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿಯಂತೆ.

ಅಪ್ಪಿಯಕ್ಕ ತನ್ನಿಂದಾಗದು ಅಂದಳು. ಆಮೇಲೆ ಮಗನಿಗೆ ಬೈದಳು. "ದೂರ ಕೇಳಿದರೆ ಹೆದರಿಕೆಯೇ ಮಾರಾಯ. ಇನ್ನು ಎಲ್ಲಿ ಹೋದರೂ ಎಷ್ಟು ಹೊತ್ತು ಅಂತ ಲೆಕ್ಕ ಇಡು."

ಆಗಲಿ ಅಂದ ತ್ಯಾಂಪ.

ಮರುದಿನ ಬಾವಿಯ ಹಗ್ಗ ತುಂಡಾಯಿತು. ಹೊಸದು ತರಲು ಹೋದ. ಎಷ್ಟು ಮಾರು ಬೇಕು ಅಂತ ಅಂಗಡಿಯ ಕಾಮತರು ಕೇಳಿದರು. ಮಾರು ಬೇಡ, ಒಂದು ಕೊಡ ನೀರು ಮೇಲೆ ಬರುವಷ್ಟು ಹೊತ್ತಿನ ಹಗ್ಗ ಕೊಡಿ ಅಂದ. ಕಾಮತರಿಗೆ ತಮಾಷೆ. ಎಳೆದರು, ಎಳೆದರು, ಹಗ್ಗ ರಸ್ತೆಗೆ ಬಂತು. ಸಾಕು ಅನ್ನಲಿಲ್ಲ ಇವನು. ಇಡೀ ಸುರುಳಿ ತಲೆಯ ಮೇಲೆ ಹೊತ್ತು ಮನೆಗೆ ಬಂದ.

"ಇದು ನಮ್ಮ ಬಾವಿಗೋ, ಸಮುದ್ರಕ್ಕೋ?" ಅಂದಳು ಅಮ್ಮ. ಬೈದಳು. ಈ ತುದಿ ನೋಡು, ಆ ತುದಿ ನೋಡು, ನಡುವೆ ಇದ್ದದ್ದೇ ಅಳತೆ ಅಂತ ಹೇಳಿಕೊಟ್ಟಳು.

ಆಗಲಿ ಅಂದ ತ್ಯಾಂಪ. ನೆಟ್ಟಗೆ ಟಿಕೇಟಿನವರಲ್ಲಿಗೆ ಹೋಗಿ ಎರಡೂ ತುದಿ ಕೇಳಿದ. ಇಲ್ಲಿಂದ ಹೊರಡುವುದು ಹತ್ತಕ್ಕೆ, ಅಲ್ಲಿ ಮುಟ್ಟುವಾಗ ಅಲ್ಲಿನ ಗಡಿಯಾರದಲ್ಲಿ ಹನ್ನೊಂದೂವರೆ ಅಂದರು ಅವರು. ಇನ್ನೂ ಏನೋ ಹೇಳಲು ಹೊರಟಿದ್ದರು. ಎರಡು ತುದಿ ಸಿಕ್ಕಿತಲ್ಲ, ಎದ್ದು ಬಂದ.

"ಅಮ್ಮ, ಒಂದೂವರೆ ಗಂಟೆ. ಅಕ್ಕ ಇಲ್ಲೇ ಇರುವುದು."

ಮಂಗಳೂರಿನ ಬಸ್ಸಿನಷ್ಟೇ! ಅಪ್ಪಿಯಕ್ಕ ಅವತ್ತೇ ಬಾಣಂತಿ ಲೇಹ ಕಾಯಿಸಿದಳು.

ತಾಯಿ ಮಗ ಇಬ್ಬರೂ ವಿಮಾನದಲ್ಲಿ ಕೂತರು. ಕೂತರು, ಕೂತರು, ಮುಟ್ಟಲೇ ಇಲ್ಲ. ನೀರು ಕೊಡಲು ಬಂದ ಹುಡುಗಿಯನ್ನು ಅಪ್ಪಿಯಕ್ಕ ಮೆಲ್ಲಗೆ ಕೇಳಿದಳು. ದಾರಿ ಮೂರು ಗಂಟೆಯದು, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಅಂದಳು ಹುಡುಗಿ. ಅಪ್ಪಿಯಕ್ಕ ಮಗನ ಕಡೆ ತಿರುಗಿದಳು. ಕಿಟಕಿಗೆ ಹಣೆ ಒತ್ತಿ ಮೋಡ ನೋಡುತ್ತಿದ್ದ. ಬೈಯುವುದನ್ನು ಬಿಟ್ಟು ತಾನೂ ಮೋಡ ನೋಡಿದಳು.

ಇಳಿದಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. "ನಾನು ಹೇಳಲಿಲ್ಲವಾ?" ಅಂದ ತ್ಯಾಂಪ.

ಹೆರಿಗೆಯಾಯಿತು. ಹೆಣ್ಣು ಮಗು. ಬಾಣಂತನ ಮುಗಿಯಿತು. ಹೊರಡುವ ದಿನ ವಾರಿಜ ಮಗುವನ್ನೆತ್ತಿಕೊಂಡು ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಅತ್ತಳು. ಅಪ್ಪಿಯಕ್ಕನೂ ಅತ್ತಳು. ತ್ಯಾಂಪ ಅಳಲಿಲ್ಲ, ಒಳಗೆ ಹೋಗಿ ತುದಿ ಕೇಳಿದ. ಇಲ್ಲಿ ಬಿಡುವುದು ಹನ್ನೆರಡೂವರೆಗೆ, ಊರು ಮುಟ್ಟುವುದು ಸಂಜೆ ಐದಕ್ಕೆ.

ನಾಲ್ಕೂವರೆ ಗಂಟೆ! ತ್ಯಾಂಪನ ಮುಖ ಸಣ್ಣಗಾಯಿತು. ವಿಮಾನದಲ್ಲಿ ಕೂತದ್ದೇ ಹುಡುಗಿಯನ್ನು ಕರೆದ.

"ತಂಗೀ, ಡ್ರೈವರಿಗೆ ಸ್ವಲ್ಪ ಹೇಳಿ. ಇದು ಸುತ್ತು ದಾರಿ. ನಾವು ಬಂದ ದಾರಿಯಲ್ಲೇ ಹೋಗಲಿ, ಅದು ಹತ್ತಿರ."

ಹುಡುಗಿ ನಗು ತಡೆದುಕೊಂಡು ಅಪ್ಪಿಯಕ್ಕನ ಮುಖ ನೋಡಿದಳು. ಅಪ್ಪಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಳಮ್ಮ," ಅಂದಳು. "ಆ ದಾರಿ ಮರೆಯುವುದು ಬೇಡ ಅಂತ ಹೇಳು. ನಮಗೆ ಇನ್ನೂ ಬರಲಿಕ್ಕುಂಟು."