ದಪ್ಪ ನರ ಕೊಟ್ಟ ಉತ್ತರ

ಬಟ್ಟೆ ಹೊಲಿಯುವ ತುಂಗಕ್ಕನ ಪಾದದಲ್ಲಿ ಒಂದು ದಪ್ಪ ನರವೂ ಒಂದು ಸಣ್ಣ ನರವೂ ಅಕ್ಕಪಕ್ಕದಲ್ಲಿದ್ದವು. ಪಾದ ಎರಡು ವರ್ಷದಿಂದ ಉರಿಯುತ್ತಿತ್ತು. ವೈದ್ಯರು ಕರೆಂಟ್ ಕೊಟ್ಟು ಪರೀಕ್ಷಿಸಿದಾಗಲೆಲ್ಲ ದಪ್ಪ ನರವೇ ಮುಂದೆ ನುಗ್ಗಿ, "ಇಲ್ಲಿ ಎಲ್ಲರೂ ಕ್ಷೇಮ" ಎನ್ನುತ್ತಿತ್ತು. ಸಣ್ಣ ನರದ ನರಳಾಟ ಅದಕ್ಕೆ ಕೇಳುತ್ತಿತ್ತು. ಆದರೂ ತನ್ನ ಚುರುಕಿಗೆ ಸಿಗುವ ಹೊಗಳಿಕೆ ಬಿಡಲಾಗಲಿಲ್ಲ. ರೋಗವೇ ಇಲ್ಲವೆಂದಾದ ಮೇಲೆ ಗಂಡ ತುಂಗಕ್ಕನನ್ನು ನಾಟಕದವಳು ಎಂದ.

ಒಂದು ದಿನ ನೋವಿನ ಸಂಶೋಧನೆ ಮಾಡುವ ವೈದ್ಯೆಯೊಬ್ಬರು ಅಕ್ಕಿಕಾಳಿಗಿಂತ ಚಿಕ್ಕದಾದ, ಸಣ್ಣ ನರಗಳನ್ನಷ್ಟೇ ತಟ್ಟುವ ವಿದ್ಯುತ್ ಮೊನೆಯನ್ನು ಪಾದಕ್ಕೆ ಅಂಟಿಸಿದರು. ದಪ್ಪ ನರ ಎಂದಿನಂತೆ ಬಾಯಿ ತೆರೆಯಿತು.

"ತಾವು ಸುಮ್ಮನಿರಿ," ಎಂದಿತು ಮೊನೆ. "ನಾನು ಕೇಳಬಂದದ್ದು ತಮ್ಮ ಪಕ್ಕದವರನ್ನು."

ಸಣ್ಣ ನರ ತಡೆದು ತಡೆದು, "ಸುಟ್ಟುಹೋಗುತ್ತಿದ್ದೇನೆ" ಎಂದಿತು.

"ಮೊದಲೇ ಯಾಕೆ ಹೇಳಲಿಲ್ಲ?"

"ದಿನವೂ ಹೇಳಿದೆ. ಅಣ್ಣನನ್ನೇ ಕೇಳಿ."

ದಪ್ಪ ನರಕ್ಕೆ ತಲೆ ಎತ್ತಲಾಗಲಿಲ್ಲ. "ಹೌದು, ನನಗೆ ಕೇಳಿಸುತ್ತಿತ್ತು," ಎಂದಿತು.

"ನಿಮ್ಮ ನೋವು ನಿಜ ಕಣಮ್ಮ," ಎಂದು ವೈದ್ಯೆ ಹೇಳಿದಾಗ ತುಂಗಕ್ಕ ಅತ್ತಳು. ಜೊತೆಗೆ ಬಂದಿದ್ದ ಗಂಡ ಬಗ್ಗಿ ಅವಳ ಪಾದವನ್ನು ಮೆಲ್ಲಗೆ ಹಿಡಿದ. ಆ ಸ್ಪರ್ಶವನ್ನು ಅವಳಿಗೆ ಮುಟ್ಟಿಸುವುದು ದಪ್ಪ ನರದ ಕೆಲಸ. ಮುಟ್ಟಿಸಿತು, ಇಂಥ ಸುದ್ದಿ ಒಯ್ಯುವ ಯೋಗ್ಯತೆ ತನಗೆಲ್ಲಿದೆ ಎಂದು ದಾರಿಯುದ್ದಕ್ಕೂ ನಾಚಿಕೊಂಡಿತು.